ಬಿರುಕಿನ ಮೇಲಿನ ಗಾಜು

ಗೇಟಿನ ಹೊರಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಅವನು ಇಳಿಯದೆ ಕೂತೇ ಇದ್ದ. ಎದುರಿಗೆ ಅಕ್ಕನ ಮನೆ. ಬೇರೆ ಯಾರದೋ ಮನೆಯಾಗಿದ್ದರೆ ಇಷ್ಟು ಹೊತ್ತಿಗೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ, ಮೂಲೆಯ ಗೆರೆ ನೇರವಾಗಿದೆಯೇ ಎಂದು ನೋಡಿ ಮುಗಿಸಿರುತ್ತಿದ್ದ. ಮನೆ ನೋಡುವುದೇ ಅವನ ಕಸುಬು. ಕೊಳ್ಳುವವರು, ಮಾರುವವರು, ಪಾಲಿಗಾಗಿ ಕಿತ್ತಾಡುವ ಅಣ್ಣತಮ್ಮಂದಿರು ಅವನನ್ನು ಕರೆಸುತ್ತಿದ್ದರು. ಅವನು ಹೋಗಿ ಗೋಡೆ ತಟ್ಟಿ, ನೆಲದ ಮಟ್ಟ ನೋಡಲು ರಸಮಟ್ಟ ಇಟ್ಟು, ಮೂಲೆಯಲ್ಲಿ ಮಣ್ಣು ತೆಗೆಸಿ ಅಡಿಪಾಯ ನೋಡಿ, ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಎಂದು ಹೇಳಿ ಬರುತ್ತಿದ್ದ. ಈ ಕಸುಬಿನಿಂದ ಅವನ ಕಣ್ಣು ಕೆಟ್ಟುಹೋಗಿತ್ತು. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಮಲಗಿದ್ದಾಗಲೂ ಚಾವಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂದು ಹುಡುಕುತ್ತಿದ್ದ. ಅವನಿದ್ದ ಅಪಾರ್ಟ್‌ಮೆಂಟಿನ ಮಕ್ಕಳು ಅವನಿಗೆ ಬಿರುಕು ಮಾಮ ಎಂದು ಹೆಸರಿಟ್ಟಿದ್ದರು. ಹೆಂಡತಿಗೆ ಆ ಹೆಸರು ಬಹಳ ಹಿಡಿಸಿತ್ತು. ಅಡುಗೆಮನೆಯ ನಲ್ಲಿ ತಿಂಗಳಿಂದ ತೊಟ್ಟಿಕ್ಕುತ್ತಿದ್ದರೂ ಅದು ಮಾತ್ರ ಬಿರುಕು ಮಾಮನ ಕಣ್ಣಿಗೆ ಬೀಳುವುದಿಲ್ಲವೆಂದು ಅವಳು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಈ ಮನೆಯನ್ನು ನೋಡಲು ಮಾತ್ರ ಅವನಿಗೆ ಮನಸ್ಸಿರಲಿಲ್ಲ. ಅದಕ್ಕೇ ಅವನು ಮನೆಯ ಬದಲು ಪಕ್ಕದ ನಿವೇಶನವನ್ನು ನೋಡುತ್ತಿದ್ದ. ಅಲ್ಲಿ ನೆಲಮಾಳಿಗೆಗೆಂದು ತೋಡಿದ ಗುಂಡಿ ಇನ್ನೂ ಗುಂಡಿಯಾಗಿಯೇ ಇತ್ತು. ತಳದಲ್ಲಿ ಊರಿದ ನೀರನ್ನು ಪಂಪಿನಿಂದ ಎತ್ತಿ ಚರಂಡಿಗೆ ಬಿಡುತ್ತಿದ್ದರು. ಆ ನೀರು ಕೆಂಪಗಿತ್ತು. ನೀರು ಕೆಂಪಗಿದ್ದರೆ ಅದರ ಜೊತೆ ಮಣ್ಣೂ ಹೋಗುತ್ತಿದೆ ಎಂದು ಅರ್ಥ. ಆ ಮಣ್ಣು ಯಾರ ಮನೆಯ ಕೆಳಗಿನದು ಎಂದು ಇನ್ನೊಬ್ಬರಿಗಾದರೆ ಅವನು ಬೆರಳಿಟ್ಟು ತೋರಿಸುತ್ತಿದ್ದ. ಕಾಂಪೌಂಡ್ ಗೋಡೆ ಗುಂಡಿಯ ಕಡೆಗೆ ವಾಲಿತ್ತು. ಕಳೆದ ಸಲ ಬಂದಾಗ ವಾಲಿರಲಿಲ್ಲ. ಕಳೆದ ಸಲ ಎಂದರೆ ಯಾವಾಗ ಎಂದು ಲೆಕ್ಕ ಹಾಕಲು ಹೋಗಿ ಅವನು ಅರ್ಧಕ್ಕೇ ಬಿಟ್ಟುಬಿಟ್ಟ.

ಬರಹೇಳಿದ್ದು ಭಾವ. ಭಾವ ಹಿಂದೆ ಎಂದಾದರೂ ತಾನಾಗಿ ಫೋನ್ ಮಾಡಿದ್ದು ಅವನಿಗೆ ನೆನಪಿರಲಿಲ್ಲ. "ಸಾಹೇಬ್ರಿಗೆ ಪುರುಸೊತ್ತಿದ್ರೆ ಒಂದ್ಸಲ ಈ ಕಡೆ ಬಂದು ಹೋಗಬೇಕು" ಎಂದು ಮಾಮೂಲಿ ರಾಗದಲ್ಲೇ ಶುರುಮಾಡಿದ ಭಾವ ಆಮೇಲೆ ದನಿ ತಗ್ಗಿಸಿ, "ಬಾತ್‌ರೂಮಿನ ಬಾಗಿಲು ಹಾಕೋಕೆ ಆಗ್ತಿಲ್ಲ ಕಣಯ್ಯ. ಅರ್ಧಕ್ಕೆ ನಿಲ್ಲುತ್ತೆ. ನಿನ್ನಕ್ಕ ನಿನಗೆ ಹೇಳಬೇಡಿ ಅಂತಾಳೆ" ಎಂದಿದ್ದರು. ಇಡೀ ಜೀವಮಾನ ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಹೊರಕ್ಕೆ ಕಾಲಿಡದ ಮನುಷ್ಯ ಈಗ ಬಾಗಿಲು ಅರ್ಧ ತೆರೆದಿಟ್ಟುಕೊಂಡು ಕೂರಬೇಕಾಗಿದೆ ಎಂಬುದು ಕಣ್ಣಿಗೆ ಕಟ್ಟಿ, ಒಂದು ಕ್ಷಣ ಅವನಿಗೆ ಖುಷಿಯಾಯಿತು. ಆಮೇಲೆ ಆ ಖುಷಿಗೆ ನಾಚಿಕೆಯಾಯಿತು. ಬಾಗಿಲು ಏಕೆ ಸಿಕ್ಕಿಕೊಳ್ಳುತ್ತದೆ ಎಂದು ಹೊಳೆದದ್ದು ಇವೆರಡೂ ಮುಗಿದ ಮೇಲೆ. ಚೌಕಟ್ಟು ಚೌಕವಾಗಿ ಉಳಿದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಕ್ಕ ಅವನನ್ನು ಈ ಮನೆಗೆ ಕರೆತಂದಿದ್ದಳು. ಅಕ್ಕನಿಗೆ ಮಕ್ಕಳಾಗಲಿಲ್ಲ, ಇವನನ್ನೇ ಬೆಳೆಸಿದಳು. ಭಾವ ಒಂದು ದಿನವೂ ಬೇಡ ಎನ್ನಲಿಲ್ಲ, ಕೈ ಎತ್ತಲಿಲ್ಲ, ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಅವರು ಮಾಡಿದ್ದು ಒಂದೇ: ಆಡಿಕೊಂಡಿದ್ದು. ಊಟಕ್ಕೆ ಕೂತಾಗ, "ಇಂಜಿನಿಯರ್ ಸಾಹೇಬ್ರಿಗೆ ಇನ್ನೊಂದು ಸೌಟು ಹಾಕೇ, ಸೇತುವೆ ಕಟ್ಟೋರು" ಎನ್ನುತ್ತಿದ್ದರು. ಒಂದು ವರ್ಷ ಅವನು ಗಣಿತದಲ್ಲಿ ಫೇಲಾದಾಗ, ಮನೆಗೆ ಬಂದವರನ್ನೆಲ್ಲ ಕೂರಿಸಿ, ಅವನನ್ನು ಕರೆದು ನಿಲ್ಲಿಸಿ, ಒಂದು ಲೆಕ್ಕ ಕೇಳುತ್ತಿದ್ದರು. ಸುಲಭದ ಲೆಕ್ಕ. ಬಾಯಿಗೆ ಬರುವಂಥದು. ಅವನು ಉತ್ತರ ಗೊತ್ತಿದ್ದೂ ಹೇಳದೆ ನೆಲ ನೋಡುತ್ತ ನಿಲ್ಲುತ್ತಿದ್ದ. ಒಳಗಿನಿಂದ ಅಕ್ಕ ಬಂದು, "ಪರೀಕ್ಷೆ ಹೊತ್ತಲ್ಲಿ ಅವನಿಗೆ ಜ್ವರ ಬಂದಿತ್ತು" ಎಂದು ಬಂದವರಿಗೆ ಹೇಳುತ್ತಿದ್ದಳು. ಜ್ವರ ಬಂದಿರಲಿಲ್ಲ. ಅಕ್ಕ ಅದನ್ನು ಎಷ್ಟು ಸಲ ಹೇಳಿದಳೆಂದರೆ ಕೊನೆಕೊನೆಗೆ ಆ ಜ್ವರ ಅವನಿಗೂ ನೆನಪಿಗೆ ಬರತೊಡಗಿತು, ಹಣೆಯ ಮೇಲಿನ ಒದ್ದೆ ಬಟ್ಟೆಯ ಸಮೇತ.

ಗೇಟು ತೆಗೆಯುವಾಗ ಅದರ ಕೆಳಗಿನ ಸರಳು ನೆಲಕ್ಕೆ ಉಜ್ಜಿ ಕಿರ್ರೆಂದಿತು. ಭಾವ ಹಾಲಿನಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಮಂಡಿನೋವು ಬಂದಮೇಲೆ ಆ ಕುರ್ಚಿ ಬಿಟ್ಟು ಏಳುವುದೇ ಕಡಿಮೆ. "ಬಂದ್ರಾ? ಬನ್ನಿ, ಬನ್ನಿ. ಕೂತ್ಕೊಳ್ಳೋಕೆ ಮುಂಚೆ ಕುರ್ಚಿ ಗಟ್ಟಿ ಇದೆಯಾ ನೋಡ್ಕೊಳ್ಳಿ, ಆಮೇಲೆ ನಮ್ಮ ಮೇಲೆ ಬರುತ್ತೆ" ಎಂದರು. ಅವನು ನಕ್ಕ. ಭಾವನ ಮುಂದೆ ನಗಲೆಂದೇ ಒಂದು ಬೇರೆ ನಗು ಅವನಲ್ಲಿತ್ತು. ತಲೆಯ ಮೇಲೆ ಅರ್ಧ ಕೂದಲು ನೆರೆತಿದ್ದರೂ ಆ ನಗು ಮಾತ್ರ ಹೈಸ್ಕೂಲಿನ ಹುಡುಗನದೇ ಆಗಿ ಉಳಿದಿತ್ತು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ಅವನನ್ನು ಕಂಡು, "ಹೇಳದೆ ಕೇಳದೆ ಬಂದ್ಯಲ್ಲೋ ಮರಿ" ಎಂದಳು. ಅವಳ ಮುಖದಲ್ಲಿ ಸಂತೋಷವಿತ್ತು. ಸಂತೋಷದ ಹಿಂದೆಯೇ ಇನ್ನೇನೋ ಒಂದು ಬಂದು, ಅವಳು ಒಮ್ಮೆ ಮೂಲೆಕೋಣೆಯ ಕಡೆಗೆ ನೋಡಿದಳು.

ಅವನು ಮೊದಲು ಬಾತ್‌ರೂಮಿನ ಬಾಗಿಲು ನೋಡಿದ. ಎಳೆದರೆ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಚೌಕಟ್ಟಿನ ಮೇಲ್ಭಾಗದಲ್ಲಿ ಒಂದು ಕಡೆ ಬೆರಳು ತೂರುವಷ್ಟು ಸಂದಿ, ಇನ್ನೊಂದು ಕಡೆ ಮರಕ್ಕೆ ಮರ ಕಚ್ಚಿಕೊಂಡಿತ್ತು. "ಎಣ್ಣೆ ಹಾಕಿ ನೋಡ್ದೆ" ಎಂದು ಭಾವ ಹಾಲಿನಿಂದಲೇ ಕೂಗಿ ಹೇಳಿದರು. ಎಣ್ಣೆ ಕೀಲಿನಿಂದ ಇಳಿದು ಗೋಡೆಯ ಮೇಲೆ ಕಂದುಗೆರೆಯಾಗಿ ಒಣಗಿತ್ತು. ಈ ಬಾಗಿಲಿನ ಹಿಂದೆ ನಿಂತು ಅವನು ಎಷ್ಟೋ ಸಲ ನಲ್ಲಿ ಬಿಟ್ಟು, ಸದ್ದು ಕೇಳದಂತೆ ಅತ್ತಿದ್ದ. ಆಗೆಲ್ಲ ಅದು ಸದ್ದಿಲ್ಲದೆ ಮುಚ್ಚುತ್ತಿತ್ತು. ರಸಮಟ್ಟವನ್ನು ಹೊಸ್ತಿಲ ಮೇಲಿಟ್ಟ. ಒಳಗಿನ ಗುಳ್ಳೆ ನಿಧಾನವಾಗಿ ಸರಿದು ಒಂದು ಕೊನೆಗೆ ಹೋಗಿ ಅಂಟಿಕೊಂಡಿತು. ಅವನು ಅದನ್ನು ಎತ್ತಿ ತಿರುಗಿಸಿ ಇಟ್ಟ. ಗುಳ್ಳೆ ಮತ್ತೆ ಅದೇ ಕಡೆಗೆ ಹೋಯಿತು.

ಮೂಲೆಕೋಣೆ ಅವನು ಓದುತ್ತಿದ್ದ ಕೋಣೆ. ಗುಂಡಿಯ ಬದಿಗಿದ್ದದ್ದು ಅದೇ. ಗುಂಡಿ ತೋಡಿದ ಹೊಸತರಲ್ಲಿ ಅಲ್ಲಿ ಬಿರುಕು ಬಿಟ್ಟಿದೆಯೆಂದು ಅಕ್ಕ ಫೋನ್ ಮಾಡಿದಾಗ ಅವನು ಬಂದು ನೋಡಿದ್ದ. ಕಿಟಕಿಯ ಕೆಳಮೂಲೆಯಿಂದ ಹೊರಟು, ಇಟ್ಟಿಗೆಯ ಸಂದಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ನೆಲಕ್ಕಿಳಿದಿತ್ತು. ಬಿರುಕುಗಳಲ್ಲಿ ಸತ್ತವು ಮತ್ತು ಬದುಕಿರುವವು ಎಂದು ಎರಡು ಬಗೆ. ಸತ್ತದ್ದು ಎಂದೋ ಆದ ಗಾಯದ ಕಲೆ. ಅದಕ್ಕೆ ಸುಣ್ಣ ಹೊಡೆದು ಮರೆತುಬಿಡಬಹುದು. ಬದುಕಿರುವುದು ದಿನವೂ ಬೆಳೆಯುತ್ತದೆ. ಯಾವುದು ಯಾವುದೆಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಅದಕ್ಕೆ ಬಿರುಕಿನ ಅಡ್ಡಕ್ಕೆ ಒಂದು ತೆಳು ಗಾಜಿನ ಪಟ್ಟಿಯಿಟ್ಟು, ಎರಡು ತುದಿಯನ್ನೂ ಗೋಡೆಗೆ ಪ್ಲಾಸ್ಟರಿನಲ್ಲಿ ಕಚ್ಚಿಸಿಬಿಡುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಅವನು ಅಂದು ಎರಡು ಪಟ್ಟಿ ಹಾಕಿದ್ದ, ಒಂದು ಮೇಲೆ, ಒಂದು ನೆಲದ ಹತ್ತಿರ. ಶಾಲೆಗಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಡುವ ಗಾಜು ಅದು. ಅಕ್ಕ ಪಕ್ಕದಲ್ಲಿ ನಿಂತು ಬಟ್ಟಲಿನಲ್ಲಿ ಬಿಳಿ ಪುಡಿ ಕಲಸಿ ಕಲಸಿ ಕೊಟ್ಟಿದ್ದಳು. ಭಾವ ಬಾಗಿಲಲ್ಲಿ ನಿಂತಿದ್ದರು. ಅಂದು ಯಾಕೋ ಸಾಹೇಬ್ರು ಎನ್ನದೆ, "ಇಲ್ಲೇ ಇರಬಹುದಾ? ಸ್ವಲ್ಪ ದಿನ ಬೇರೆ ಎಲ್ಲಾದ್ರೂ ಇರೋದು ಒಳ್ಳೇದಾ?" ಎಂದು ಕೇಳಿದ್ದರು.

ಬೇರೆ ಎಲ್ಲಾದರೂ ಎಂದರೆ ಎಲ್ಲಿ ಎಂದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಅವನು ಪ್ಲಾಸ್ಟರು ಹಚ್ಚಿದ ಕರಣೆಯನ್ನು ಒರೆಸುತ್ತ ಕೂತ. ಒರೆಸಿದ್ದನ್ನೇ ಮತ್ತೆ ಒರೆಸಿದ. ಕಣ್ಣ ಮುಂದೆ ತನ್ನ ಮನೆಯ ಹಾಲ್, ಸೋಫಾದ ಮೇಲೆ ಭಾವ, ಭಾವನ ಕೈಯಲ್ಲಿ ತನ್ನ ಪೇಪರ್, ತನ್ನ ಹೆಂಡತಿಯ ಮುಂದೆ, ಕಟ್ಟಡದ ಮಕ್ಕಳ ಮುಂದೆ ಆ ರಾಗ, ಸಾಹೇಬ್ರೇ ಸಾಹೇಬ್ರೇ ಎನ್ನುವ ಆ ರಾಗ. ಇಷ್ಟು ವರ್ಷ ಕಷ್ಟಪಟ್ಟು ಒಂದು ಮನೆ ಮಾಡಿಕೊಂಡು, ಅದರೊಳಗೆ ಯಾರೂ ತನ್ನನ್ನು ನಿಲ್ಲಿಸಿ ಲೆಕ್ಕ ಕೇಳದಂತೆ ನೋಡಿಕೊಂಡಿದ್ದ. "ಗಾಜು ಗಟ್ಟಿ ಇರೋ ತನಕ ಏನೂ ಭಯ ಇಲ್ಲ" ಎಂದ. ಅದು ಸುಳ್ಳಲ್ಲ. ಆಮೇಲೆ, ಕರಣೆಯನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಎಳೆದು, ಬಕಲ್ ಹಾಕಿದ ಮೇಲೆ, "ಒಡೆದರೆ ನಮ್ಮನೆಗೆ ಬಂದುಬಿಡಿ" ಎಂದ. ಮಾತು ಸರಿಯಾಗಿಯೇ ಇತ್ತು. ಬಂದದ್ದು ಸ್ವಲ್ಪ ತಡವಾಗಿ.

ವಾರಕ್ಕೊಮ್ಮೆ ಬಂದು ಗಾಜು ನೋಡಬೇಕಾದದ್ದು ಅವನ ಕೆಲಸ. ಬೇರೆ ಯಾರ ಮನೆಯಲ್ಲಾದರೂ ಗಾಜಿನ ಮಾತನ್ನು ಮನೆಯವರ ಬಾಯಿಂದ ಕೇಳಿ ಅವನು ಎಂದೂ ನಂಬಿದವನಲ್ಲ. ಸಂದುಗೊಂದಿಗೆ ತಲೆ ತೂರಿಸಿ ತಾನೇ ನೋಡುವವನು. ಇಲ್ಲಿಗೆ ಮಾತ್ರ ಭಾನುವಾರ ಫೋನ್ ಮಾಡುತ್ತಿದ್ದ. "ಗಾಜು?" ಎಂದು ಕೇಳುವನು. "ಗಟ್ಟಿ ಇದೆ" ಎಂದು ಅಕ್ಕ ಹೇಳುವಳು. ಅಷ್ಟು ಕೇಳಿದ ಕೂಡಲೇ ಅವನ ಎದೆ ಹಗುರಾಗಿ, ಉಳಿದ ಭಾನುವಾರ ಚೆನ್ನಾಗಿ ಕಳೆಯುತ್ತಿತ್ತು. ಅಕ್ಕ ಬದುಕಿದಳು ಎಂದು ಹಗುರಾಯಿತೋ, ಅವರು ಬರುವುದಿಲ್ಲ ಎಂದು ಹಗುರಾಯಿತೋ ಎಂದು ಅವನು ತನ್ನನ್ನು ಕೇಳಿಕೊಂಡಿರಲಿಲ್ಲ.

ಈಗ ಕೋಣೆಯ ಬಾಗಿಲಲ್ಲಿ ನಿಂತಾಗ ಮೊದಲು ಕಂಡದ್ದೇ ಕಿಟಕಿಯ ಬಳಿಯ ಗಾಜು. ಗಟ್ಟಿ ಇತ್ತು. ಅವನು ಉಸಿರು ಬಿಟ್ಟ. ಬಾಗಿಲು ಸಿಕ್ಕಿಕೊಳ್ಳಲು ಬೇರೆ ಕಾರಣಗಳಿರಬಹುದು, ಮರ ಊದಿಕೊಂಡಿರಬಹುದು ಎಂದು, ರಸಮಟ್ಟವನ್ನು ಕೈಯಲ್ಲಿ ಹಿಡಿದುಕೊಂಡೇ, ಹಾದಿಯಲ್ಲಿ ಹೋಗುವವನೂ ನಂಬದ ಕಾರಣಗಳನ್ನು ಪೋಣಿಸತೊಡಗಿದ. ಬಟ್ಟೆಯ ಕಬ್ಬಿಣದ ಬೀರು ಜಾಗ ಬದಲಾಯಿಸಿ ಬಿರುಕಿನ ಕೆಳಭಾಗಕ್ಕೆ ಒತ್ತಿ ನಿಂತಿತ್ತು. ಮೇಲಿನ ಗಾಜು ಒಂದಿಷ್ಟು ಓರೆಯಾಗಿತ್ತು. ತಾನು ಓರೆಯಾಗಿ ಹಾಕುವವನಲ್ಲ. ಹತ್ತಿರ ಹೋದ. ಅದರ ಅಂಚು ಹಸಿರಾಗಿತ್ತು, ದಪ್ಪಗಿತ್ತು. ಪ್ಲಾಸ್ಟರಿನ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಖು ಬರೆದಿತ್ತು, ಅವನು ಗಾಜು ಹಾಕಿದ ದಿನದ್ದೇ, ಅವನದೇ ಅಕ್ಷರದಲ್ಲಿ. ಅವನಿಗೆ ಕೈ ಹಿಡಿದು ಬರೆಯಲು ಕಲಿಸಿದವಳು ಅಕ್ಕ; ಇಬ್ಬರ ಅಂಕಿಗಳೂ ಒಂದೇ. ಅವನು ಬೆರಳು ಒತ್ತಿದ. ಬೆರಳಿಗೆ ಬಿಳಿ ಅಂಟಿತು. ಪ್ಲಾಸ್ಟರು ಇನ್ನೂ ಹಸಿಯಾಗಿತ್ತು.

"ಅಕ್ಕ" ಎಂದು ಕರೆದ. ದನಿ ಜೋರಾಗಲಿಲ್ಲ. ಆದರೂ ಅವಳು ಕೈ ಒರೆಸಿಕೊಳ್ಳುತ್ತ ಬಂದಳು, ಬಂದು ತನ್ನ ಹಿಂದಿನ ಬಾಗಿಲನ್ನು ಸ್ವಲ್ಪ ಮುಂದಕ್ಕೆಳೆದಳು.

"ಇದು ನಾನು ಹಾಕಿದ್ದಲ್ಲ."

"ಭಾವನಿಗೆ ಕೇಳಿಸೋ ಹಾಗೆ ಮಾತಾಡ್ಬೇಡ" ಎಂದಳು ಅಕ್ಕ. "ಅವರು ಸ್ನಾನಕ್ಕೆ ಹೋದಾಗ ಹಾಕ್ದೆ. ಬೆಳಿಗ್ಗೆ."

"ನಿನಗೆ ಯಾರು ಹೇಳಿಕೊಟ್ರು?"

"ನೀನು ಹಾಕೋವಾಗ ಪುಡಿ ಕಲಸಿಕೊಟ್ಟಿದ್ದು ಯಾರು? ಅದೇನು ಮಹಾ ವಿದ್ಯೆ."

"ಎಷ್ಟು ಸಲ ಹಾಕಿದ್ದೀಯ?"

"ಯಾರು ಎಣಿಸಿದ್ರು? ಮೊದಮೊದಲು ಬಹಳ ದಿನ ಬಾಳಿಕೆ ಬರ್ತಿತ್ತು. ಈಗೀಗ ಬೆಳಿಗ್ಗೆ ಹಾಕಿದ್ದು ಸಂಜೆಗೆ ಇರಲ್ಲ. ಫೋಟೋಗೆ ಕಟ್ಟು ಹಾಕೋ ಅಂಗಡಿಯವನ ಹತ್ರ ತುಂಡು ಗಾಜು ತರ್ತೀನಿ. ಅದು ನಿನ್ನ ಗಾಜಿನಷ್ಟು ಚೆನ್ನಾಗಿಲ್ಲ."

ಅವನು ಬೀರುವಿಗೆ ಭುಜ ಕೊಟ್ಟು ತಳ್ಳಿದ. ಅದು ನೆಲ ಕೆರೆಯುತ್ತ ಸರಿಯಿತು. ಹಿಂದೆ, ಅಂದು ಉಗುರೂ ತೂರದಿದ್ದ ಕಡೆ, ಬಿರುಕು ಬಾಯಿ ಬಿಟ್ಟಿತ್ತು. ಅದರ ಮೂಲಕ ಹೊರಗಿನ ಬೆಳಕಿನ ಒಂದು ಗೆರೆ ಒಳಗೆ ಬಂದು ನೆಲದ ಮೇಲೆ ಬಿದ್ದಿತ್ತು. ಕೆಳಗಿನ ಗಾಜು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಪ್ಲಾಸ್ಟರಿನ ಎರಡು ಗಡ್ಡೆ, ಒಂದಕ್ಕೊಂದು ಸಂಬಂಧವಿಲ್ಲದಷ್ಟು ದೂರ. ಬಿರುಕಿನ ಒಳಗಿನಿಂದ ಸಣ್ಣಗೆ ಮರಳು ಉದುರತೊಡಗಿತು. ನಿಲ್ಲುತ್ತದೆ ಎಂದು ನೋಡುತ್ತ ನಿಂತ. ನಿಲ್ಲಲಿಲ್ಲ. ಈ ಕೋಣೆಗೆ ಅಂಟಿಕೊಂಡಿರುವ ಕೋಣೆಯಲ್ಲಿ ಇವರಿಬ್ಬರೂ ಪ್ರತಿರಾತ್ರಿ ಮಲಗಿದ್ದಾರೆ. ತಾನು ಪ್ರತಿ ಭಾನುವಾರ ಗಟ್ಟಿ ಇದೆ ಎಂಬ ಮಾತು ಕೇಳಿ ಮಧ್ಯಾಹ್ನ ನಿದ್ದೆ ಮಾಡಿದ್ದೇನೆ.

ಪಾಪ, ತಿಳಿದಿಲ್ಲ ಎಂದುಕೊಂಡ. ಗಾಜು ಗಟ್ಟಿ ಇರುವ ತನಕ ಭಯವಿಲ್ಲ ಎಂದು ತಾನು ಹೇಳಿದ್ದನ್ನು ಅಕ್ಷರಶಃ ಹಿಡಿದುಕೊಂಡು, ಗಾಜೇ ಗೋಡೆಯನ್ನು ಕಾಯುತ್ತದೆಂದು ನಂಬಿ, ಗಾಯಕ್ಕೆ ಪಟ್ಟಿ ಬದಲಾಯಿಸುವಂತೆ ಬದಲಾಯಿಸುತ್ತ ಬಂದಿದ್ದಾಳೆ. ಹೀಗೆ ಅಂದುಕೊಂಡಾಗ ಅವನಿಗೆ ಮರುಕವಾಯಿತು; ಆ ಮರುಕದ ಒಂದು ಮೂಲೆಯಲ್ಲಿ ನೆಮ್ಮದಿಯೂ ಇತ್ತು. ತಪ್ಪು ತಿಳಿವಳಿಕೆಯದು. ಯಾರಿಗಾದರೂ ಆಗಬಹುದಾದದ್ದು. ಅವನು ಚಿಕ್ಕ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದ. "ಅಕ್ಕ, ಇದು ಜ್ವರ ನೋಡೋ ಕಡ್ಡಿ ಇದ್ದ ಹಾಗೆ. ಕಡ್ಡಿ ಬದಲಾಯಿಸಿದ್ರೆ ಜ್ವರ ಇಳಿಯುತ್ತಾ? ಒಡೀತು ಅಂದ್ರೆ ಗೋಡೆ ಸರೀತಿದೆ ಅಂತ. ಗಾಜು ಗೋಡೆನ ಹಿಡಿದು ನಿಲ್ಸಲ್ಲ."

ಅಕ್ಕ ಪೂರ್ತಿ ಕೇಳಿದಳು. ಅವನ ಮಾತನ್ನು ಅವಳು ಯಾವಾಗಲೂ ಪೂರ್ತಿ ಕೇಳುತ್ತಿದ್ದಳು.

"ಗೊತ್ತು ಕಣೋ" ಎಂದಳು. "ನಾನೇನು ಅಷ್ಟೊಂದು ಪೆದ್ದೀನಾ?"

"ಮತ್ತೆ?"

ಅವಳು ನೆಲದ ಮೇಲೆ ಕೂಡಿದ ಮರಳನ್ನು ಕಾಲಿನಿಂದ ಒಂದು ಕಡೆ ಸರಿಸಿದಳು. "ಒಡೆದರೆ ನಮ್ಮನೆಗೆ ಬನ್ನಿ ಅಂದಿದ್ದೆಯಲ್ಲ. ಅಷ್ಟು ಹೇಳೋಕೆ ನಿನಗೆ ಎಷ್ಟು ಕಷ್ಟ ಆಯ್ತು ಅಂತ ನಾನು ನೋಡಿದ್ನಲ್ಲ."

ಹಾಗೇನಿಲ್ಲ ಎನ್ನುವುದಕ್ಕೆ ಅವನು ಬಾಯಿ ತೆರೆದ. ತೆರೆದ ಬಾಯಿಯೇ ಅವಳ ಮಾತಿಗೆ ಸಾಕ್ಷಿ ಹೇಳಿದಂತಾಯಿತು.

"ನನಗೇನೂ ಬೇಜಾರಿಲ್ಲ" ಎಂದಳು ಅಕ್ಕ. ನಿಜವಾಗಿಯೂ ಬೇಜಾರಿದ್ದಂತೆ ಕಾಣಲಿಲ್ಲ. ತರಕಾರಿ ಹೆಚ್ಚುತ್ತ ಮಾತಾಡುವ ದನಿಯಲ್ಲೇ ಹೇಳಿದಳು. "ಅವರ ಬಾಯಿ ನನಗೆ ಗೊತ್ತಿಲ್ವಾ. ಅವರಿಗೆ ನಿನ್ನ ಕಂಡರೆ ಪ್ರೀತಿನೇ, ಆದರೆ ಪ್ರೀತೀನ ಬೇರೆ ಥರ ಆಡೋಕೆ ಬರಲ್ಲ. ನೀನು ಅವರ ಮುಂದೆ ಇವತ್ತಿಗೂ ಹೇಗೆ ಕುಗ್ಗಿಹೋಗ್ತೀಯ ಅಂತ ನೋಡ್ತೀನಲ್ಲ. ನಿನ್ನ ಹೆಂಡತಿ ಎದುರಿಗೆ ಹಾಗಾಗೋದು ಬೇಡ ಅನ್ನಿಸ್ತು. ಪಕ್ಕದವರು ಕಟ್ಟಡ ಎಬ್ಬಿಸಿದ ಮೇಲೆ ಎಲ್ಲ ತಾನಾಗೇ ನಿಂತುಹೋಗುತ್ತೆ, ಅಲ್ಲಿವರೆಗೂ ದೂಡೋಣ ಅಂದ್ಕೊಂಡೆ. ಅವರು ನೋಡಿದ್ರೆ ನೀರು ಎತ್ತೋದೇ ಮುಗಿಸಿಲ್ಲ."

ಅವನಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಹೊಡೆದವರಿಗೆ ಹೊಡೆದದ್ದೇ ಗೊತ್ತಿರಲಿಲ್ಲ. ಅವಳು ಅತ್ತಿದ್ದರೆ, ಬೈದಿದ್ದರೆ, ನಿನ್ನನ್ನು ಸಾಕಿದ್ದಕ್ಕೆ ಇದೇನಾ ಎಂದಿದ್ದರೆ ಅವನಿಗೆ ದಾರಿಯಿತ್ತು. ಕೋಪ ಬರುತ್ತಿತ್ತು, ಜಗಳವಾಡುತ್ತಿದ್ದ, ಆಮೇಲೆ ಕಾಲು ಹಿಡಿಯುತ್ತಿದ್ದ. ಅವಳು ಅದ್ಯಾವುದನ್ನೂ ಕೊಡಲಿಲ್ಲ. ಅವನ ಸಣ್ಣತನವನ್ನು ಅವನ ಇತರ ಸಾಮಾನುಗಳ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದಳು. ಮೂರು ಹೊತ್ತೂ ಆ ಗೋಡೆಯ ಪಕ್ಕದಲ್ಲಿ ಓಡಾಡಿಕೊಂಡು, ಒಡೆದ ಗಾಜು ಗುಡಿಸಿ, ಹೊಸದು ಹಾಕಿ, ಗಂಡನಿಗೆ ಕಾಣದಂತೆ ಬೀರು ತಳ್ಳಿ. ಅಷ್ಟು ಭಾರದ ಬೀರನ್ನು ಒಬ್ಬಳೇ ಹೇಗೆ ತಳ್ಳಿದಳು ಎಂದು ಆ ಹೊತ್ತಿನಲ್ಲಿ ಅವನಿಗೆ ಕೇಳಬೇಕೆನ್ನಿಸಿತು.

"ಬಟ್ಟೆ ತಗೋ. ಈಗಲೇ ಹೊರಡಬೇಕು. ನಮ್ಮನೆಗೆ ಹೋಗೋಣ."

"ಭಾವನ ಹಳೇ ಆಫೀಸಿನ ಗೆಸ್ಟ್‌ಹೌಸಲ್ಲಿ ಒಂದು ರೂಮು ಕೇಳಿಟ್ಟಿದ್ದೀನಿ. ಕೊಡ್ತೀವಿ ಅಂದಿದ್ದಾರೆ. ಅವರಿಗಿನ್ನೂ ಹೇಳಿಲ್ಲ ಅಷ್ಟೇ."

"ಗೆಸ್ಟ್‌ಹೌಸೂ ಬೇಡ, ಮತ್ತೊಂದೂ ಬೇಡ. ನಮ್ಮನೆಗೆ" ಎಂದ. ಈ ಸಲ ಮಾತು ತಡವಾಗಲಿಲ್ಲ. ಅಕ್ಕ ಅವನ ಮುಖವನ್ನು ಒಮ್ಮೆ ನೋಡಿ, ಸರಿ ಎಂದಳು.

ಹಾಲಿಗೆ ಬಂದು ಭಾವನಿಗೆ ಹೇಳಿದಾಗ ಅವರು ಏನಾದರೂ ಅಂದೇ ಅನ್ನುತ್ತಾರೆಂದು ಅವನು ಮೈ ಬಿಗಿ ಹಿಡಿದಿದ್ದ. ನೀನೇ ಹೇಳಿದ್ದೆಯಲ್ಲಪ್ಪ, ಭಯ ಇಲ್ಲ ಅಂತ. ಸಾಹೇಬ್ರ ಮಾತು ನಂಬಿ ಕೂತ್ವಿ. ಅಷ್ಟು ಅಂದಿದ್ದರೆ ನ್ಯಾಯವಾಗಿತ್ತು. ಭಾವ ಹೆಂಡತಿಯ ಕಡೆ ನೋಡಿದರು, ಕುರ್ಚಿಯ ಕೈಯನ್ನು ಎರಡು ಕೈಯಲ್ಲಿ ಹಿಡಿದು ಎದ್ದು ನಿಂತರು, "ನಿನ್ನ ಹೆಂಡತಿಗೆ ಹೇಳಿದ್ದೀಯಾ?" ಎಂದು ಮಾತ್ರ ಕೇಳಿದರು. ಆ ಮಾತಿನಲ್ಲಿ ರಾಗವಿರಲಿಲ್ಲ. ಇನ್ನೊಬ್ಬರ ಮನೆಗೆ ಹೋಗಬೇಕಾದ ಮುದುಕರೊಬ್ಬರು ಕೇಳುವ ಪ್ರಶ್ನೆ ಅದು, ಅಷ್ಟೇ.

ಅವನು ಅಂಗಳಕ್ಕೆ ಹೋಗಿ ಮೊದಲು ಪಕ್ಕದ ಗುಂಡಿಯ ಅಂಚಿನಲ್ಲಿ ನಿಂತ ಮೇಸ್ತ್ರಿಗೆ ಕೂಗಿ ಹೇಳಿದ: ಪಂಪು ನಿಲ್ಲಿಸಿ, ಈ ಬದಿಗೆ ಒಬ್ಬರೂ ಇಳಿಯಬೇಡಿ, ನಿಮ್ಮ ಯಜಮಾನರಿಗೆ ಈಗಲೇ ಬರಹೇಳಿ. ಆ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಮೇಸ್ತ್ರಿ ಮರುಮಾತಾಡದೆ ಗುಂಡಿಯಲ್ಲಿದ್ದವರನ್ನು ಮೇಲಕ್ಕೆ ಕರೆದ. ಆಮೇಲೆ ಹೆಂಡತಿಗೆ ಫೋನ್ ಹಚ್ಚಿದ. ಫೋನು ಹಚ್ಚುವಾಗ ಮಾತ್ರ ಮನೆಯ ಕಡೆ ಬೆನ್ನು ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದ. ಅವಳು ಬೇಡ ಎಂದರೆ ಏನು ಹೇಳುವುದು ಎಂದು ಅವನು ಆಗಲೇ ಮಾತು ಜೋಡಿಸಿಟ್ಟುಕೊಂಡಿದ್ದ. ನಿನ್ನ ಕೆಲಸಕ್ಕೆ ತೊಂದರೆ, ಜಾಗ ಸಾಲದು, ನೀನು ಹೇಳುವುದೂ ಸರಿಯೇ. ಅವಳು ಕೇಳಿ, "ಕರ್ಕೊಂಡು ಬನ್ನಿ, ಇದರಲ್ಲಿ ಕೇಳೋದೇನಿದೆ?" ಎಂದಳು. ಆಮೇಲೆ, "ಇಷ್ಟು ದಿನ ಅವರನ್ನ ಅಲ್ಲೇ ಯಾಕೆ ಬಿಟ್ಟಿದ್ರಿ? ನೀವು ನನಗೆ ಹೇಳಿದ್ದಿದ್ರೆ ಆಗಲೇ ಕರ್ಕೊಂಡು ಬನ್ನಿ ಅಂತಿದ್ದೆನಲ್ಲ" ಎಂದಳು. ಅವನು ಹೂಂ ಎಂದ. ಇಷ್ಟು ದಿನ ಅವನು ತನ್ನೊಳಗೆ ತಾನೇ ವಾದ ಮಾಡುವಾಗಲೆಲ್ಲ ಅವಳನ್ನು ಮುಂದೆ ನಿಲ್ಲಿಸಿಕೊಂಡಿದ್ದ. ಈಗ ಅವಳು ಪಕ್ಕಕ್ಕೆ ಸರಿದು ನಿಂತಳು. ಅಲ್ಲಿ ಅವನೊಬ್ಬನೇ ಉಳಿದ.

ಅಕ್ಕ ಎರಡು ಚೀಲ ತುಂಬಿ ತಂದಳು. ಭಾವನ ಮಾತ್ರೆ, ಕನ್ನಡಕ, ಇಸ್ತ್ರಿ ಮಾಡಿದ ಅಂಗಿಗಳು. ಬಾಗಿಲಿಗೆ ಬೀಗ ಹಾಕಲು ಹೋದಳು; ಬಾಗಿಲು ಚೌಕಟ್ಟಿಗೆ ಕೂಡಲಿಲ್ಲ. ಇಬ್ಬರೂ ಸೇರಿ ಎಳೆದರೂ ಕೂಡಲಿಲ್ಲ. ಹಾಗೇ ಬಿಟ್ಟು ಬಂದಳು. ಕಾರಿನಲ್ಲಿ ಭಾವನನ್ನು ಮುಂದೆ ಕೂರಿಸಿದರು, ಮಂಡಿ ಚಾಚಲು ಅಲ್ಲಿ ಜಾಗವಿತ್ತು. ಅಕ್ಕ ಹಿಂದೆ ಚೀಲಗಳ ನಡುವೆ ಕೂತಳು. ಕಾರು ಬೀದಿ ದಾಟಿ ದೊಡ್ಡ ರಸ್ತೆಗೆ ಬಂತು. ನಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮಗಳ ಕೋಣೆ ಬಿಡಿಸಬಹುದು, ಅವಳು ಹಾಸ್ಟೆಲ್‌ನಿಂದ ಬರುವುದು ಅಪರೂಪ. ಭಾವನಿಗೆ ಎತ್ತರದ ಕುರ್ಚಿ ಬೇಕಾಗುತ್ತದೆ. ಅಕ್ಕ ಅಡುಗೆಮನೆಗೆ ನುಗ್ಗದಂತೆ ಹೆಂಡತಿ ನೋಡಿಕೊಳ್ಳಬೇಕು. ಹೀಗೆ ಯೋಚಿಸುತ್ತಿದ್ದಂತೆ ಅವನ ಎದೆಯಲ್ಲಿ ಎಷ್ಟೋ ವರ್ಷಗಳಿಂದ ಇಲ್ಲದ ಒಂದು ಬೆಚ್ಚಗಿನ ಭಾವ ತುಂಬಿಕೊಂಡು, ಅಕ್ಕನಿಗೆ ಏನಾದರೂ ಹೇಳಬೇಕೆನ್ನಿಸಿ ಕನ್ನಡಿಯಲ್ಲಿ ನೋಡಿದ. ಅವಳು ಹೊರಗೆ ನೋಡುತ್ತಿದ್ದಳು.

ಭಾವ ಗಂಟಲು ಸರಿಮಾಡಿಕೊಂಡರು. ಮನೆ ದೂರವಾದಂತೆ ಅವರಿಗೆ ಸ್ವಲ್ಪ ಜೀವ ಬಂದಂತಿತ್ತು. "ಅಲ್ಲ ಸಾಹೇಬ್ರೇ, ನಿಮ್ಮ ಮನೇಲಿ ಪೇಪರ್ ಎಷ್ಟೊತ್ತಿಗೆ ಬರುತ್ತೆ? ಮೊದಲು ನನಗೆ ಕೊಡಬೇಕು ಮತ್ತೆ. ಒಬ್ಬರು ಓದಿ ಮಡಿಸಿದ ಪೇಪರ್ ಓದೋಕೆ ನನಗೆ ಆಗಲ್ಲ" ಎಂದರು. ತಮಾಷೆಗೆ ಹೇಳಿದ್ದು. ಕೃತಜ್ಞತೆಯನ್ನು ಅವರು ಹೇಳಬಲ್ಲ ರೀತಿಯೇ ಅದು ಎಂದು ಅವನಿಗೆ ಅರ್ಥವೂ ಆಯಿತು. ಅವನು ಆ ಹಳೆಯ ನಗು ನಕ್ಕ.

ಮುಂದೆ ಸಿಗ್ನಲ್ಲು ಕೆಂಪಾಗಿತ್ತು. ಅಲ್ಲಿಂದ ಬಲಕ್ಕೆ ಹೋದರೆ ಅವನ ಮನೆ, ಎಡಕ್ಕೆ ಹೋದರೆ ಭಾವನ ಹಳೇ ಆಫೀಸು, ಅದರ ಹಿಂದೆಯೇ ಗೆಸ್ಟ್‌ಹೌಸು. ಈ ರಸ್ತೆಯಲ್ಲಿ ಅವನು ಸಾವಿರ ಸಲ ಬಲಕ್ಕೆ ತಿರುಗಿದ್ದಾನೆ. ಕಾರು ನಿಂತಿತು. ನಿಂತ ಕಾರಿನೊಳಗೆ ಟಿಕ್ ಟಿಕ್ ಎಂದು ಸದ್ದು ಕೇಳತೊಡಗಿತು. ಏನದು ಎಂದು ಅವನು ನೋಡಿದ. ಸ್ಟೀರಿಂಗಿನ ಹಿಂದೆ ಎಡಗಡೆಯ ಹಸಿರು ಬಾಣ ಹತ್ತಿ ಹತ್ತಿ ಆರುತ್ತಿತ್ತು. ಅದನ್ನು ಹಾಕಿದ್ದು ಅವನ ಕೈ. ಯಾವಾಗ ಹಾಕಿತೆಂದು ಅವನಿಗೆ ಗೊತ್ತಾಗಿರಲಿಲ್ಲ. ಬೆರಳು ಇನ್ನೂ ಇಂಡಿಕೇಟರಿನ ಕಡ್ಡಿಯ ಮೇಲೇ ಇತ್ತು. ಒಂದಿಷ್ಟು ಆಚೆ ತಳ್ಳಿದರೆ ಸಾಕಿತ್ತು. ಭಾವ ಆ ಬಾಣವನ್ನು ನೋಡಿದರು, ಅವನ ಮುಖ ನೋಡಿದರು. ಏನೋ ಹೇಳಲು ಹೊರಟು, ಜೀವನದಲ್ಲಿ ಮೊದಲ ಸಲ ಹೇಳದೆ, ಕಿಟಕಿಯ ಕಡೆಗೆ ತಿರುಗಿಕೊಂಡರು. ಟಿಕ್ ಟಿಕ್ ಸದ್ದು ಕಾರಿನ ತುಂಬ ತುಂಬಿಕೊಂಡಿತು.

"ಹೂಂ, ಎಡಕ್ಕೇ ತಗೋ ಮರಿ" ಎಂದಳು ಅಕ್ಕ ಹಿಂದಿನಿಂದ. "ನಾನೇ ಹೇಳಿದ್ದು ಅವನಿಗೆ, ಗೆಸ್ಟ್‌ಹೌಸಿಗೇ ಬಿಡು ಅಂತ. ನಿಮಗೆ ಹೇಳೋಕೆ ಮರ್ತೆ ಕಣ್ರೀ."

ಸಿಗ್ನಲ್ಲು ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಅವನು ಎಡಕ್ಕೆ ತಿರುಗಿಸಿದ.